ರಾತ್ರಿಯಿಡೀ ಪಾದ ನೆಕ್ಕುವ ಬೊಳ್ಳು

ಪ್ರಶ್ನೆ: ನಮ್ಮದು ಪೆರ್ಲದ ಸಮೀಪ ಅಡಿಕೆ ತೋಟದ ಮನೆ. ನಾಯಿಯ ಹೆಸರು ಬೊಳ್ಳು, ನಾಲ್ಕು ವರ್ಷ, ಊರ ನಾಯಿಗೆ ಲ್ಯಾಬ್ರಡಾರ್ ಬೆರೆತದ್ದು. ಎರಡು ವರ್ಷಗಳಿಂದ ಮಳೆ ಹಿಡಿದ ಕೂಡಲೇ ಎರಡು ಮುಂಗಾಲುಗಳನ್ನೂ ನೆಕ್ಕತೊಡಗುತ್ತದೆ. ರಾತ್ರಿ ಜಗಲಿಯಿಂದ ಕೇಳುವ ಆ ಚಪ್ ಚಪ್ ಸದ್ದಿಗೆ ನಮಗೆ ನಿದ್ದೆಯಿಲ್ಲ. ಬೆರಳ ಸಂದಿನ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಆಗಾಗ ಕಿವಿಯನ್ನೂ ಕೊಡವುತ್ತದೆ. ಅತ್ತೆ ಅರಸಿನ ಹಾಕಿ ಕಾಯಿಸಿದ ತೆಂಗಿನೆಣ್ಣೆ ಹಚ್ಚಿದರು, ಅದನ್ನೂ ನೆಕ್ಕಿ ಮುಗಿಸಿತು. ಮೆಡಿಕಲಿನಿಂದ ತಂದ ತುರಿಕೆಯ ಮುಲಾಮು ಹಚ್ಚಿದಾಗ ಎರಡು ದಿನ ಕಡಿಮೆಯಾಗಿ ಮತ್ತೆ ಶುರುವಾಯಿತು. ಬೈದರೆ ನಿಲ್ಲಿಸುತ್ತದೆ, ನಾವು ಆಚೆ ತಿರುಗಿದರೆ ಪುನಃ ಅದೇ. ಇದು ಚಟವೇ, ರೋಗವೇ? ಬೇಸಗೆಯಲ್ಲಿ ಏನೂ ಇರುವುದಿಲ್ಲ.

ಉತ್ತರ: ಚಟವಲ್ಲ. ಬೈಯುವುದನ್ನು ಇವತ್ತೇ ನಿಲ್ಲಿಸಿ. ತುರಿಸುವಲ್ಲಿ ಕೈ ಹಾಕಬೇಡ ಎಂದರೆ ಮನುಷ್ಯರೇ ಕೇಳುವುದಿಲ್ಲ. ಬೊಳ್ಳುವಿಗೆ ಕೈಯಿಲ್ಲ, ನಾಲಿಗೆಯಿದೆ. ನೀವು ಬೈದಾಗ ಅದು ನಿಲ್ಲಿಸುವುದು ತುರಿಕೆ ನಿಂತಿತೆಂದಲ್ಲ, ನಿಮ್ಮ ಮೇಲಿನ ಗೌರವದಿಂದ.

ನನ್ನ ಸಹಾಯಕ ತಳಿಪರಂಬದ ಕಡೆಯವನು, ಕನ್ನಡ ಬಾರದು. ಬಾಯಾರಿನಿಂದ ಬಂದ ಹಿರಿಯರೊಬ್ಬರ ನಾಯಿಯನ್ನು ನೋಡಿ ಅವನು ನನ್ನತ್ತ ತಿರುಗಿ ‘ಪಟ್ಟಿ ನಕ್ಕುನ್ನು’ ಎಂದ. ಮಲಯಾಳದಲ್ಲಿ ಹಾಗೆಂದರೆ ನಾಯಿ ನೆಕ್ಕುತ್ತಿದೆ ಎಂದಷ್ಟೇ ಅರ್ಥ. ಹಿರಿಯರು ಮುಖ ಗಂಟಿಕ್ಕಿ, ‘ನಾಯಿ ನಕ್ಕಿದ್ದರೆ ನಾನು ಇಷ್ಟು ದೂರ ಯಾಕೆ ಬರುತ್ತಿದ್ದೆ ಡಾಕ್ಟರೇ?’ ಎಂದರು. ಪಾದ ನೆಕ್ಕುವ ನಾಯಿಯನ್ನು ಯಾರಾದರೂ ತಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ನಾಯಿಯೂ ಒಂದು ಹೇಳುತ್ತಿರುತ್ತದೆ, ನಾವು ಕೇಳಿಸಿಕೊಳ್ಳುವುದು ಇನ್ನೊಂದು.

ಅದು ಹೇಳುವುದನ್ನು ತಿಳಿಯಲು ನಾನು ಮೊದಲು ಕೇಳುವ ಪ್ರಶ್ನೆ ಬಹಳ ಸರಳ: ಎಷ್ಟು ಕಾಲು?

ಒಂದೇ ಕಾಲನ್ನು ನೆಕ್ಕುತ್ತಿದ್ದರೆ ಆ ಕಾಲಿನಲ್ಲೇ ಏನೋ ಇದೆ ಎಂದು ತಿಳಿಯಬೇಕು. ಮುಟ್ಟಿದರೆ ಮುನಿಯ ಮುಳ್ಳು, ಬುಡದಲ್ಲಿ ಸೀಳಿದ ಉಗುರು, ಮುರಕಲ್ಲಿನ ಚೂರು ತಾಗಿ ಆದ ಗಾಯ, ಬೆರಳ ಸಂದಿನ ಉಣ್ಣಿ, ವಯಸ್ಸಾದ ನಾಯಿಯಾದರೆ ಗಂಟುನೋವು ಅಥವಾ ಉಗುರಿನ ಬುಡದ ಗಡ್ಡೆ. ಒಮ್ಮೆ ಪದವಿನ ಮೇಲಿನ ಮನೆಯೊಂದರ ನಾಯಿಯ ಹಿಂಗಾಲಿನ ಬೆರಳ ಸಂದಿನಲ್ಲಿ ಕಡಲೆಕಾಳಿನಷ್ಟು ಬಾವು ಬಂತು. ಆಂಟಿಬಯಾಟಿಕ್ ಕೊಟ್ಟೆವು, ಒಡೆದು ಒಣಗಿತು. ಇಪ್ಪತ್ತು ದಿನ ಬಿಟ್ಟು ಅದೇ ಜಾಗದಿಂದ ಅರ್ಧ ಇಂಚು ಮೇಲೆ ಮತ್ತೆ ಬಂತು. ಮೂರನೆಯ ಸಲ ಅರಿವಳಿಕೆ ಕೊಟ್ಟು ಬಿಡಿಸಿ ನೋಡಿದಾಗ ಇಕ್ಕಳದ ತುದಿಗೆ ಸಿಕ್ಕಿದ್ದು ಒಣಹುಲ್ಲಿನ ಸೂಜಿಯಂಥ ಬೀಜ, ಒಂದು ಸೆಂಟಿಮೀಟರೂ ಇರಲಿಲ್ಲ. ಅದರ ಮೈಮೇಲಿನ ಸಣ್ಣ ರೋಮಗಳು ಹಿಂದಕ್ಕೆ ಬಾಗಿರುತ್ತವೆ, ಹಾಗಾಗಿ ಒಳಹೊಕ್ಕ ಬೀಜ ಮುಂದಕ್ಕೆ ಸಾಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಆ ನಾಯಿ ಎರಡು ತಿಂಗಳು ಒಂದೇ ಸಂದನ್ನು ನೆಕ್ಕಿ ತೋರಿಸುತ್ತಲೇ ಇತ್ತು.

ನಿಮ್ಮ ಬೊಳ್ಳುವಿನದು ಎರಡು ಕಾಲಿನ ದೂರು, ಅದೂ ಮುಂಗಾಲುಗಳದ್ದು. ಜೊತೆಗೆ ನೀವು ಅಷ್ಟಾಗಿ ಲಕ್ಷ್ಯ ಕೊಡದೆ ಬರೆದ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಕಿವಿ ಕೊಡವುತ್ತದೆ. ಮುಂಗಾಲು, ಕಿವಿ, ಕಂಕುಳು, ಹೊಟ್ಟೆಯ ಅಡಿಭಾಗ, ಬಾಯಿಯ ಸುತ್ತ, ಇವು ಒಂದೇ ಗುಂಪಿಗೆ ಸೇರಿದವು. ವಾತಾವರಣದ ಅಲರ್ಜಿ ಇರುವ ನಾಯಿಗೆ ತುರಿಕೆ ಇಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ಈ ಅಲರ್ಜಿ ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಬೊಳ್ಳುವಿಗೆ ಎರಡನೆಯ ವರ್ಷದಲ್ಲಿ ಶುರುವಾಗಿದೆ, ಮಳೆಗಾಲದಲ್ಲಿ ಮಾತ್ರ ಕೆರಳುತ್ತದೆ, ಲ್ಯಾಬ್ರಡಾರ್ ರಕ್ತವೂ ಇದೆ. ಆ ಜಾತಿಗೆ ಅಲರ್ಜಿ ಜಾಸ್ತಿ. ಇಷ್ಟು ಸುಳಿವು ಒಟ್ಟಿಗೆ ಸಿಗುವುದು ಅಪರೂಪ.

ಮನುಷ್ಯರ ಅಲರ್ಜಿ ಮೂಗಿನಲ್ಲಿ ಸೀನಾಗಿ ಹೊರಬಂದರೆ ನಾಯಿಯದು ಚರ್ಮದಲ್ಲಿ ತುರಿಕೆಯಾಗಿ ಹೊರಬರುತ್ತದೆ. ಅಂಥ ನಾಯಿಯ ಚರ್ಮದ ಮೇಲ್ಪದರ ಹುಟ್ಟಿನಿಂದಲೇ ಸ್ವಲ್ಪ ಸಡಿಲ. ಧೂಳಿನ ನುಸಿ, ಬೂಷ್ಟು, ಹುಲ್ಲಿನ ಪರಾಗ ಇವುಗಳ ಅಂಶ ಆ ಸಡಿಲಿನ ಮೂಲಕ ಒಳಗಿಳಿದು ಉರಿಯೂತ ಎಬ್ಬಿಸುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಜೂನ್ ಕಳೆಯುವುದರೊಳಗೆ ಗೋಡೆ, ಚಪ್ಪಲಿ, ಅಟ್ಟದ ಚಾಪೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ನಾಯಿ ಮಲಗುವ ಗೋಣಿಚೀಲ ಮಾತ್ರ ಉಳಿಯುತ್ತದೆಯೇ?

ಆದರೆ ಈಗ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಅಲರ್ಜಿಯೊಂದೇ ಅಲ್ಲ. ನಾಯಿಯ ಅಂಗಾಲಿನ ಮೆತ್ತೆಗಳಲ್ಲಿ ಬೆವರುಗ್ರಂಥಿಗಳಿವೆ, ಸಂದುಗಳಲ್ಲಿ ಗಾಳಿಯಾಡುವುದಿಲ್ಲ, ಮೇಲಿಂದ ತೋಟದ ಕೆಸರು, ಅದರ ಮೇಲೆ ಜೊಲ್ಲು. ಹೀಗೆ ಸದಾ ಒದ್ದೆಯಾದ ಜಾಗದಲ್ಲಿ ಮಲಸೀಜಿಯಾ ಎಂಬ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಸೊಂಪಾಗಿ ಬೆಳೆಯುತ್ತವೆ. ಇವು ಹೊರಗಿನಿಂದ ಬಂದವಲ್ಲ, ಆರೋಗ್ಯವಂತ ನಾಯಿಯ ಮೈಮೇಲೂ ಚೂರು ಇರುವಂಥವೇ. ಅವು ಹೆಚ್ಚಾದಾಗ ತುರಿಕೆ ಇಮ್ಮಡಿಯಾಗುತ್ತದೆ, ತುರಿಕೆಗೆ ನಾಯಿ ನೆಕ್ಕುತ್ತದೆ, ನೆಕ್ಕಿದಷ್ಟೂ ಒದ್ದೆ, ಒದ್ದೆಯಾದಷ್ಟೂ ಯೀಸ್ಟ್. ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದು ಜೊಲ್ಲಿನಲ್ಲಿರುವ ಪೋರ್ಫಿರಿನ್ ಎಂಬ ವರ್ಣದ್ರವ್ಯದಿಂದ. ಬಣ್ಣ ಅಷ್ಟು ಗಾಢವಾಗಿದೆ ಎಂದರೆ ನೀವು ಸದ್ದು ಕೇಳುವುದಕ್ಕೆ ಎಷ್ಟೋ ದಿನ ಮೊದಲೇ ನೆಕ್ಕುವಿಕೆ ಶುರುವಾಗಿರಬೇಕು.

ಇವತ್ತು ಸಂಜೆ ಒಂದು ಟಾರ್ಚು ಹಿಡಿದು ಕುಳಿತುಕೊಳ್ಳಿ. ನೋವಿರುವ ಪಾದ ಮುಟ್ಟಿದರೆ ಸಾಧು ನಾಯಿಯೂ ಕಚ್ಚಬಹುದು. ಒಬ್ಬರು ಹಿಡಿದುಕೊಳ್ಳಲಿ, ಅನುಮಾನವಿದ್ದರೆ ಹಳೆಯ ಬಟ್ಟೆಯ ಪಟ್ಟಿಯಿಂದ ಮೂತಿಗೆ ಸಡಿಲವಾಗಿ ಒಂದು ಸುತ್ತು ಹಾಕಿ, ಕೆಲಸ ಮುಗಿದ ಕೂಡಲೇ ಬಿಚ್ಚಿಬಿಡಿ. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ. ಮೇಲಿನಿಂದ ನೋಡಿ ಬಿಟ್ಟುಬಿಡಬೇಡಿ, ಪಾದವನ್ನು ಮಗುಚಿ ದೊಡ್ಡ ಮೆತ್ತೆಯ ಮತ್ತು ಬೆರಳ ಮೆತ್ತೆಗಳ ನಡುವಿನ ತಗ್ಗನ್ನು ನೋಡಿ. ಅಲ್ಲಿ ಚರ್ಮ ಕೆಂಪಾಗಿ ಜಿಡ್ಡುಜಿಡ್ಡಾಗಿದ್ದರೆ, ಉಗುರಿನ ಬುಡದಲ್ಲಿ ಕಂದು ಮೇಣದಂಥದ್ದು ಕಟ್ಟಿದ್ದರೆ ಅದು ಯೀಸ್ಟ್ ಇರಬಹುದು. ಮೂಗಿಗೆ ಹತ್ತಿರ ಹಿಡಿದರೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆಗೆ ಹುಳಿಹಿಟ್ಟು ಬೆರೆಸಿದಂತೆ ಇರುತ್ತದೆ. ಇದು ಮೂಸಿ ನೋಡುವ ಕೆಲಸವೇ, ಸಂಕೋಚ ಬೇಡ. ಅಲ್ಲೇ ಎಳ್ಳಿನಷ್ಟು, ಹುಣಸೆಬೀಜದಷ್ಟು ಉಣ್ಣಿಗಳೂ ಸಿಗಬಹುದು. ಕಿವಿ ಬಿಟ್ಟರೆ ಅವುಗಳಿಗೆ ಪ್ರಿಯವಾದ ಜಾಗ ಬೆರಳ ಸಂದು. ಸಿಕ್ಕರೆ ಚಿಮಟಿಯಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ.

ಇನ್ನು ತೋಟದ ಮನೆಯ ನಾಯಿಗೆ ಮಾತ್ರ ಬರುವ ಕೆಲವು ಕಾರಣಗಳಿವೆ. ಪೇಟೆಯಲ್ಲಿ ನಾಯಿ ಸಾಕುವವರಿಗಾಗಿ ಬರೆದ ಸಲಹೆಗಳಲ್ಲಿ ಇವು ಇರುವುದಿಲ್ಲ.

ಅಡಿಕೆಗೆ ಮದ್ದು ಬಿಡುವ ದಿನ ನಾಯಿ ಎಲ್ಲಿರುತ್ತದೆ? ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ಸರಿಯಾಗಿದೆಯೇ ಎಂದು ನೀವು ಕತ್ತಿ ಅದ್ದಿ ನೋಡುತ್ತೀರಿ. ಕತ್ತಿಗೆ ಕೆಂಪು ಹತ್ತಿದರೆ ತುತ್ತು ಹೆಚ್ಚಾಗಿದೆ ಎಂದು ಇನ್ನಷ್ಟು ಸುಣ್ಣ ಸೇರಿಸುತ್ತೀರಿ. ಅದೇ ದ್ರಾವಣ ಬುಡಕ್ಕೆ ಹನಿದು, ನಾಯಿಯ ಪಾದಕ್ಕೆ ಹತ್ತಿ, ಸಂದಿನಲ್ಲಿ ಒಣಗಿದರೆ ಚರ್ಮ ಉರಿಯುತ್ತದೆ. ಉರಿಗೆ ನಾಯಿ ನೆಕ್ಕುತ್ತದೆ, ತುತ್ತಿನಲ್ಲಿರುವ ತಾಮ್ರ ಹೊಟ್ಟೆಗೆ ಹೋಗುತ್ತದೆ, ವಾಂತಿಯಾಗುತ್ತದೆ. ಮದ್ದು ಕಲಸಿದ ಡ್ರಮ್ಮಿನ ಸುತ್ತ ಬಿದ್ದ ತುತ್ತಿನ ಹರಳು ಇನ್ನೂ ಅಪಾಯ. ಮದ್ದು ಬಿಡುವ ದಿನವೂ ಮರುದಿನವೂ ಬೊಳ್ಳುವನ್ನು ಕಟ್ಟಿಹಾಕಿ, ಆಮೇಲೆ ಕೆಲವು ದಿನ ತೋಟದಿಂದ ಬಂದೊಡನೆ ಕಾಲು ತೊಳೆಯಿರಿ. ರಬ್ಬರ್ ಇರುವ ಮನೆಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲದ ಟ್ರೇಗಳ ಬಳಿ ನಾಯಿ ಓಡಾಡದಂತೆ ನೋಡಿಕೊಳ್ಳಬೇಕು. ನೆಲ ಒರೆಸುವ ಫಿನಾಯಿಲೂ ಇದೇ ಸಾಲಿಗೆ ಸೇರುತ್ತದೆ; ನೆಲ ಪೂರ್ತಿ ಒಣಗುವವರೆಗೆ ನಾಯಿಯನ್ನು ಒಳಬಿಡಬೇಡಿ.

ಇನ್ನೊಂದು ಕೊಕ್ಕೆಹುಳು. ತೇವದ, ನೆರಳಿನ ಮಣ್ಣಿನಲ್ಲಿರುವ ಇದರ ಮರಿಗಳು ನಾಯಿಯ ಪಾದದ ಚರ್ಮವನ್ನೇ ಕೊರೆದು ಒಳಸೇರುತ್ತವೆ. ಆ ಹೊತ್ತಿಗೆ ಪಾದ ತುರಿಸಿ ಕೆಂಪಾಗುತ್ತದೆ. ಅಡಿಕೆ ತೋಟದ ನೆಲ ಇವುಗಳಿಗೆ ಹೇಳಿ ಮಾಡಿಸಿದ ಜಾಗ. ಬರಿಗಾಲಲ್ಲಿ ನಡೆಯುವ ಮನುಷ್ಯರ ಚರ್ಮಕ್ಕೂ ನಾಯಿಯ ಕೊಕ್ಕೆಹುಳು ಹೊಕ್ಕು ಹಾವಿನಂತೆ ಸುತ್ತಿದ ಕೆಂಪು ಗೆರೆ ಮೂಡಿಸುವುದುಂಟು. ಬೊಳ್ಳುವಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡುವ ಕ್ರಮವಿಲ್ಲದಿದ್ದರೆ ಈಗಲೇ ಶುರುಮಾಡಿ.

ಈಗ ಮನೆಯಲ್ಲೇ ಮಾಡುವುದು. ದಿನಕ್ಕೆ ಎರಡು ಸಲ, ಮುಖ್ಯವಾಗಿ ರಾತ್ರಿ ಮಲಗುವ ಮೊದಲು, ನಾಲ್ಕೂ ಪಾದಗಳನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆಯಿರಿ; ಒಂದು ಲೀಟರಿಗೆ ಮಟ್ಟಸವಾಗಿ ಎರಡು ಟೀ ಚಮಚ ಉಪ್ಪು ಸಾಕು. ಚರ್ಮ ಒಡೆದಿದ್ದರೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು ನೀರು ಮಾಡಿ ಅದರಲ್ಲಿ ಐದು ನಿಮಿಷ ಅದ್ದಿಡಬಹುದು. ಆಮೇಲಿನದೇ ನಿಜವಾದ ಔಷಧಿ: ಒರೆಸುವುದು. ಒಂದು ಹಳೆಯ ಬೈರಾಸನ್ನು ಬೊಳ್ಳುವಿಗಾಗಿಯೇ ಇಟ್ಟುಕೊಂಡು, ಅದರ ಮೂಲೆಯನ್ನು ಬೆರಳಿಗೆ ಸುತ್ತಿ, ಒಂದೊಂದೇ ಸಂದಿಗೆ ಹಾಕಿ ಒತ್ತಿ ಒಣಗಿಸಿ. ಉಜ್ಜಬೇಡಿ, ಒತ್ತಿ. ತೊಳೆದು ಒರೆಸದೆ ಬಿಡುವುದಕ್ಕಿಂತ ತೊಳೆಯದಿರುವುದೇ ವಾಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಂದಿನ ಕೂದಲು ಉದ್ದವಿದ್ದರೆ ಮೊಂಡು ತುದಿಯ ಕತ್ತರಿಯಿಂದ ಚಿಕ್ಕದು ಮಾಡಿ. ಗೋಣಿಚೀಲ ಎಸೆದು, ತೊಳೆದು ಒಲೆಯ ಬಳಿ ಒಣಗಿಸಬಹುದಾದ ಹತ್ತಿಬಟ್ಟೆ ಹಾಸಿ. ಸಾಧ್ಯವಾದರೆ ನೆಲದಿಂದ ಸ್ವಲ್ಪ ಎತ್ತರದ ಹಲಗೆಯ ಮೇಲೆ ಮಲಗಲಿ.

ಯೀಸ್ಟಿಗೆ ಉಪ್ಪುನೀರು ಸಾಲದು. ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಎರಡೂ ಇರುವ ನಾಯಿಗಳ ಶಾಂಪೂ ಸಿಗುತ್ತದೆ. ವಾರಕ್ಕೆ ಎರಡು ಸಲ ಪಾದಗಳಿಗೆ ಮಾತ್ರ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಹತ್ತು ನಿಮಿಷ ಎಂದರೆ ಗಡಿಯಾರ ನೋಡಿ ಹತ್ತು ನಿಮಿಷ. ಹೆಚ್ಚಿನವರು ಎರಡೇ ನಿಮಿಷಕ್ಕೆ ನೀರು ಹೊಯ್ದು ಆಮೇಲೆ ಶಾಂಪೂವನ್ನು ಬೈಯುತ್ತಾರೆ. ಮೂರು ನಾಲ್ಕು ವಾರ ಬಿಡದೆ ಮಾಡಿ.

ಅತ್ತೆಯವರ ಎಣ್ಣೆಯ ಬಗ್ಗೆ: ಅರಸಿನವೂ ತೆಂಗಿನೆಣ್ಣೆಯೂ ನಾಯಿಯ ಹೊಟ್ಟೆಗೆ ಸ್ವಲ್ಪ ಹೋದರೆ ಕೆಡುಕಿಲ್ಲ. ಆದರೆ ನಾಯಿಯ ಲೆಕ್ಕದಲ್ಲಿ ಅದು ಔಷಧಿಯಲ್ಲ, ತಿಂಡಿ. ಎಣ್ಣೆ ತೇವವನ್ನು ಸಂದಿನೊಳಗೇ ಹಿಡಿದಿಡುತ್ತದೆ, ಮಲಸೀಜಿಯಾಕ್ಕಂತೂ ಜಿಡ್ಡೇ ಆಹಾರ. ಬೇಸಗೆಯಲ್ಲಿ ಸುಡುವ ಮುರಕಲ್ಲಿನ ಮೇಲೆ ನಡೆದು ಒಡೆದ ಮೆತ್ತೆಗಳಿಗೆ ಅದನ್ನು ಹಚ್ಚಿ, ಮಳೆಗಾಲದ ಸಂದಿಗೆ ಬೇಡ. ಅತ್ತೆಯವರಿಗೆ ನೀವು ಈ ತಿದ್ದುಪಡಿಯನ್ನು ಹೇಗೆ ತಿಳಿಸುತ್ತೀರೋ ಅದು ನನ್ನ ಶಾಸ್ತ್ರದೊಳಗೆ ಬರುವುದಿಲ್ಲ.

ಮೆಡಿಕಲಿನ ಮುಲಾಮು ಎರಡು ದಿನ ಕೆಲಸ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಅಂಥವುಗಳಲ್ಲಿ ಹೆಚ್ಚಾಗಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ತುರಿಕೆಯನ್ನು ಅದು ಅದುಮುತ್ತದೆ, ಅಡಿಯಲ್ಲಿ ಸೋಂಕು ಬೆಳೆಯುತ್ತದೆ, ಚರ್ಮ ತೆಳುವಾಗುತ್ತದೆ, ನೆಕ್ಕಿದ್ದು ಹೊಟ್ಟೆಗೂ ಹೋಗುತ್ತದೆ. ಮನುಷ್ಯರ ಮುಲಾಮುಗಳಲ್ಲಿ ಕೆಲವು ಬರಿ ನಿರುಪಯುಕ್ತವಲ್ಲ, ಘಾತುಕ: ಸೋರಿಯಾಸಿಸ್‌ಗೆ ಕೊಡುವ ಕ್ಯಾಲ್ಸಿಪೋಟ್ರಿಯಾಲ್ ಸ್ವಲ್ಪ ನೆಕ್ಕಿದರೂ ನಾಯಿಯ ಜೀವಕ್ಕೆ ಅಪಾಯ. ಡೆಟ್ಟಾಲನ್ನೂ ಪಾದಕ್ಕೆ ಹಾಕಬೇಡಿ. ನೋವಿರಬಹುದೆಂದು ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ಅನ್ನದಲ್ಲಿ ಹಾಕಿ ಕೊಡುವವರಿದ್ದಾರೆ. ನಾಯಿಯ ಜಠರ ಮತ್ತು ಮೂತ್ರಪಿಂಡ ಅದನ್ನು ತಾಳುವುದಿಲ್ಲ.

ಹದಿನೈದು ದಿನ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಹೋದಾಗ ಸೂಜಿಮದ್ದು ಕೇಳುವ ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ. ಪಾರದರ್ಶಕ ಟೇಪನ್ನು ಸಂದಿಗೆ ಅಂಟಿಸಿ ತೆಗೆದು ಬಣ್ಣ ಹಾಕಿ ನೋಡಿದರೆ ಯೀಸ್ಟ್ ಕಾಣುತ್ತದೆ. ಚರ್ಮವನ್ನು ತುಸು ರಕ್ತ ಜಿನುಗುವಷ್ಟು ಕೆರೆದು ನೋಡಿದರೆ ಡೆಮೊಡೆಕ್ಸ್ ಎಂಬ ನುಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೇ ಒಂದು ನಾಯಿಯ ಕೆಂಪು ಪಾದ ನೋಡಿ, ಅಲರ್ಜಿ ಎಂದು ಬಾಯಲ್ಲೇ ತೀರ್ಮಾನಿಸಿ, ಸ್ಟೀರಾಯ್ಡ್ ಚುಚ್ಚಿ ಕಳಿಸಿದ್ದೆ. ವಾರದಲ್ಲಿ ನೆಕ್ಕುವುದು ನಿಂತಿತು, ಮನೆಯವರು ಬಾಳೆಗೊನೆ ತಂದುಕೊಟ್ಟರು. ತಿಂಗಳ ಮೇಲೆ ಅದೇ ನಾಯಿ ಮೊಣಕಾಲಿನವರೆಗೆ ಕೂದಲುದುರಿ, ಬೆರಳುಗಳು ಊದಿ, ಕುಂಟುತ್ತ ಬಂತು. ಕೆರೆದು ನೋಡಿದರೆ ಗಾಜಿನ ತುಂಬ ಚುರುಟಿನಾಕಾರದ ಡೆಮೊಡೆಕ್ಸ್. ಮೈಯ ರೋಗನಿರೋಧಕ ಶಕ್ತಿ ತಗ್ಗಿಸಿ ನಾನೇ ಅವುಗಳಿಗೆ ಬಾಗಿಲು ತೆರೆದುಕೊಟ್ಟಿದ್ದೆ. ಆ ಗೊನೆಯ ಹಣ್ಣು ತಿಂದದ್ದು ಇವತ್ತಿಗೂ ಅರಗಿಲ್ಲ.

ನುಸಿ ಇಲ್ಲವೆಂದು ಖಚಿತವಾದ ಮೇಲೆ ಅಲರ್ಜಿಗೆ ಒಳ್ಳೆಯ ಔಷಧಿಗಳಿವೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅಗ್ಗ, ಕೆಲಸವನ್ನೂ ಮಾಡುತ್ತದೆ, ಕೆಲವು ದಿನಗಳ ಮಟ್ಟಿಗೆ ನನ್ನ ತಕರಾರಿಲ್ಲ. ಮಳೆಗಾಲ ಪೂರ್ತಿ ಕೊಡುವುದಕ್ಕೆ ತಕರಾರಿದೆ. ಓಕ್ಲಾಸಿಟಿನಿಬ್ ಮಾತ್ರೆ ದುಬಾರಿ, ಆದರೆ ಒಂದೆರಡು ದಿನದಲ್ಲೇ ತುರಿಕೆ ಇಳಿಸುತ್ತದೆ. ಒಂದು ವರ್ಷ ತುಂಬಿದ ನಾಯಿಗೆ ಮಾತ್ರ, ಸೋಂಕು ಇಳಿದ ಮೇಲೆ. ಬೊಳ್ಳುವಿನಂತೆ ಮೂರು ನಾಲ್ಕು ತಿಂಗಳಷ್ಟೇ ಕಾಟವಿರುವ ನಾಯಿಗೆ ಆ ಖರ್ಚು ಭರಿಸಬಹುದು ಎಂಬುದು ನನ್ನ ಅಭಿಪ್ರಾಯ. ಇದೆಲ್ಲ ತೂಕ ನೋಡಿ, ಪರೀಕ್ಷಿಸಿ ಬರೆದುಕೊಡಬೇಕಾದದ್ದು. ಈ ಉತ್ತರವನ್ನು ತೋರಿಸಿ ಅಂಗಡಿಯಲ್ಲಿ ಕೇಳಬೇಡಿ. ಉಣ್ಣಿ, ಚಿಗಟಗಳಿಗೆ ತಿಂಗಳಿಗೊಮ್ಮೆ ಕೊಡುವ ಅಫೊಕ್ಸೊಲಾನರ್, ಸುಮಾರು ಹನ್ನೆರಡು ವಾರ ಬರುವ ಫ್ಲುರಲಾನರ್ ಮಾತ್ರೆಗಳು ಡೆಮೊಡೆಕ್ಸಿಗೂ ಆಗುತ್ತವೆ; ನಾಯಿಗೆ ಹಿಂದೆ ಅಪಸ್ಮಾರ ಬಂದಿದ್ದರೆ ಮೊದಲೇ ಹೇಳಿ.

ಆಹಾರದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಹಾರದ ಅಲರ್ಜಿಗೆ ಮಳೆ, ಬಿಸಿಲು ಎಂಬ ಭೇದವಿಲ್ಲ, ವರ್ಷವಿಡೀ ಕಾಡುತ್ತದೆ. ಬೇಸಗೆಯಲ್ಲಿ ಸುಮ್ಮನಿರುವ ಬೊಳ್ಳುವಿನ ಅನ್ನ-ಮಜ್ಜಿಗೆಯ ಮೇಲೆ ಈಗಲೇ ಆಪಾದನೆ ಹೊರಿಸಲಾರೆ. ವರ್ಷವಿಡೀ ನೆಕ್ಕುವ ನಾಯಿಯಾಗಿದ್ದರೆ ಕನಿಷ್ಠ ಎಂಟು ವಾರ, ಅದುವರೆಗೆ ತಿಂದಿರದ ಒಂದೇ ಪ್ರೋಟೀನಿನ ಪಥ್ಯ ಮಾಡಿಸುತ್ತಿದ್ದೆ. ಮೀನೆಣ್ಣೆಯ ಒಮೆಗಾ-3 ಚರ್ಮಕ್ಕೆ ಒಳ್ಳೆಯದು, ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಹಾಗಾಗಿ ಮುಂದಿನ ವರ್ಷ ಮಾರ್ಚಿನಲ್ಲೇ ಶುರುಮಾಡಿ. ಸಸ್ಯಾಹಾರಿಗಳ ಮನೆಯಾದರೆ ಕ್ಯಾಪ್ಸೂಲು ಅಂಗಳದಲ್ಲೇ ಕೊಟ್ಟು ಮುಗಿಸಬಹುದು.

ಬೇಸರಕ್ಕೆ, ಒಂಟಿತನಕ್ಕೆ ನೆಕ್ಕುವ ನಾಯಿಗಳೂ ಇವೆ. ಇಡೀ ದಿನ ಸರಪಳಿಯಲ್ಲಿರುವ ನಾಯಿ ಮಣಿಕಟ್ಟಿನ ಮೇಲೆ ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ಅಲ್ಲಿ ದಪ್ಪ ಚರ್ಮದ ಹುಣ್ಣು ಕಟ್ಟಿಕೊಳ್ಳುತ್ತದೆ. ಆದರೆ ಮನಸ್ಸಿನ ಕಾಯಿಲೆ ಎನ್ನುವ ಮೊದಲು ಮೈಯ ಕಾರಣಗಳನ್ನೆಲ್ಲ ನೋಡಿ ಮುಗಿಸಿರಬೇಕು. ನಿಮ್ಮ ನಾಯಿ ತೋಟವಿಡೀ ಸುತ್ತುತ್ತದೆ, ಅದಕ್ಕೆ ಬೇಸರ ಎಲ್ಲಿಯದು?

ಒಂದು ಪಾದ ಏಕಾಏಕಿ ಊದಿದರೆ, ಕಾಲು ನೆಲಕ್ಕೆ ಊರದಿದ್ದರೆ, ಸಂದಿನಿಂದ ಕೀವು ಬಂದರೆ, ಊಟ ಬಿಟ್ಟು ಮೈ ಬಿಸಿಯಾದರೆ ಹದಿನೈದು ದಿನ ಕಾಯಬೇಡಿ, ಅದೇ ದಿನ ಪಂಚಾಯತಿನ ಮೃಗಾಸ್ಪತ್ರೆಗೆ ಒಯ್ಯಿರಿ. ಬೇರೆ ನಾಯಿಯೋ ನರಿಯೋ ಕಚ್ಚಿದ ಗಾಯವನ್ನು ನೆಕ್ಕುತ್ತಿದ್ದರೆ ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಹೊರಡಿ. ಪ್ರತಿವರ್ಷ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದರೂ ಸರಿ.

ಕೊನೆಗೆ, ರಾತ್ರಿಯ ಸದ್ದಿಗೆ ಪರಿಹಾರ. ತೊಳೆದು ಒರೆಸಿದ ಪಾದ ಬೆಳಗಿನವರೆಗೆ ಒಣಗಿರಬೇಕಾದರೆ ಮೊದಲ ವಾರ ಬಾಯಿ ಪಾದಕ್ಕೆ ತಲುಪದಂತೆ ತಡೆಯುವ ಕೋನ್ ಅನ್ನು ಕೊರಳಿಗೆ ಹಾಕಲೇಬೇಕಾಗುತ್ತದೆ. ಪಾದಕ್ಕೆ ಕಾಲುಚೀಲ ತೊಡಿಸಬೇಡಿ, ಒಳಗೆ ಬೆವೆತು ಯೀಸ್ಟಿಗೆ ಹಬ್ಬವಾಗುತ್ತದೆ. ಕೋನ್ ಮೂತಿಯ ತುದಿಗಿಂತ ಎರಡು ಬೆರಳು ಮುಂದಿರಬೇಕು, ಕೊರಳಿನ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು, ಉಣ್ಣುವಾಗ ಬಿಚ್ಚಿದರಾಯಿತು. ಕೃಷಿಕರೊಬ್ಬರು ದುಡ್ಡು ಯಾಕೆ ದಂಡ ಎಂದು ಅಡಿಕೆ ಹಾಳೆಯನ್ನು ನೆನೆಸಿ, ತಲೆಗಿಡುವ ಮುಟ್ಟಾಳೆ ಟೋಪಿ ಮಾಡುವ ಚಂದದಲ್ಲಿ ಮಡಚಿ ಹೊಲಿದು ತಮ್ಮ ನಾಯಿಗೆ ಕಟ್ಟಿದ್ದರು. ನೋಡಲು ಬಹಳ ಲಕ್ಷಣವಾಗಿತ್ತು, ನಾನೂ ಹೊಗಳಿ ಕಳಿಸಿದೆ. ಮರುದಿನ ಬೆಳಗ್ಗೆ ಅವರ ಫೋನು ಬಂತು: ನಾಯಿಯ ಕೊರಳಲ್ಲಿ ದಾರ ಮಾತ್ರ ಉಳಿದಿತ್ತು, ಹಾಳೆ ಅದರ ಹೊಟ್ಟೆಯಲ್ಲಿತ್ತು. ನೀವು ಪ್ಲಾಸ್ಟಿಕ್‌ನದನ್ನೇ ತನ್ನಿ.